ಮೇಲಿನ ಬಾಣ, ಕೆಳಗಿನ ಬಾಣ: ಒಂದೇ ಗುಂಡಿಗೆ ಎರಡು ಪ್ರಶ್ನೆ

ಕಮೆಂಟಿನ ಪಕ್ಕದಲ್ಲಿ ಎರಡು ಪುಟ್ಟ ಬಾಣಗಳಿರುತ್ತವೆ. ಮೇಲಿನದನ್ನು ಒತ್ತಿದರೆ ಅಂಕ ಒಂದು ಏರುತ್ತದೆ, ಕೆಳಗಿನದನ್ನು ಒತ್ತಿದರೆ ಒಂದು ಇಳಿಯುತ್ತದೆ. ಆದರೆ ಒತ್ತಿದವರು ಹೇಳಿದ್ದೇನು? ‘ಇದು ಓದಬೇಕಾದ ಮಾತು’ ಅಂತಲಾ, ‘ನನ್ನ ಅಭಿಪ್ರಾಯವೂ ಇದೇ’ ಅಂತಲಾ? ಚರ್ಚಾ ವೇದಿಕೆ ಕಟ್ಟುವವರು ವರ್ಷಗಳಿಂದ ಒದ್ದಾಡುತ್ತಿರುವುದು ಈ ಗೊಂದಲದ ಜೊತೆಗೇ.

ಮೊದಮೊದಲು ಮತ ಹಾಕುವುದು ಎಲ್ಲರ ಕೈಯಲ್ಲೂ ಇರಲಿಲ್ಲ. 1997ರಲ್ಲಿ ಶುರುವಾದ ತಂತ್ರಜ್ಞಾನ ಸುದ್ದಿಯ ಚರ್ಚಾ ತಾಣ ಸ್ಲ್ಯಾಶ್‌ಡಾಟ್‌ಗೆ ಜನ ಜಾಸ್ತಿಯಾಗಿ ಕಾಳು ಯಾವುದು, ಜೊಳ್ಳು ಯಾವುದು ಗೊತ್ತಾಗದ ಹಾಗಾಯಿತು. ಆಗ ಅಲ್ಲಿನ ವ್ಯವಸ್ಥೆಯೇ ಆಗಾಗ ಕೆಲವು ಓದುಗರನ್ನು ಆರಿಸಿ, ಕಮೆಂಟುಗಳಿಗೆ ಅಂಕ ಹಾಕಲು ಐದೈದು ಪಾಯಿಂಟ್ ಕೊಡತೊಡಗಿತು. 3 ದಿನದಲ್ಲಿ ಬಳಸದಿದ್ದರೆ ಅವು ಹೋದವು. ಸುಮ್ನೆ ಅಂಕ ಹಾಕುವ ಹಾಗೂ ಇರಲಿಲ್ಲ, ಕಾರಣ ಆರಿಸಬೇಕಿತ್ತು: ಒಳನೋಟವಿದೆ, ಮಾಹಿತಿಯಿದೆ, ತಮಾಷೆಯಾಗಿದೆ, ಕೆಣಕಲು ಬರೆದದ್ದು. ತಾನು ಮಾತಾಡಿದ ಚರ್ಚೆಯಲ್ಲಿ ತಾನೇ ಅಂಕ ಹಾಕುವಂತಿಲ್ಲ. ಎಷ್ಟೇ ಜನ ಮೆಚ್ಚಿದರೂ ಕಮೆಂಟಿನ ಅಂಕ 5 ದಾಟುವುದಿಲ್ಲ, ಎಷ್ಟೇ ಜನ ಬೈದರೂ ಮೈನಸ್ 1ಕ್ಕಿಂತ ಕೆಳಗಿಳಿಯುವುದಿಲ್ಲ. ಈ ಮಿತಿ ನನಗೆ ಇವತ್ತಿಗೂ ತುಂಬಾ ಇಷ್ಟ. ಯಾರನ್ನೂ ಅದು ನೂರಾರು ಜನರ ಮುಂದೆ ನಿಲ್ಲಿಸಿ ಅವಮಾನ ಮಾಡುವುದಿಲ್ಲ.

2005ರಲ್ಲಿ ರೆಡಿಟ್ ಅನ್ನುವ ಚರ್ಚಾ ತಾಣ ಬಂತು. ಖಾತೆ ಇದ್ದವರೆಲ್ಲ ಮತ ಹಾಕಬಹುದು, ಕಾರಣ ಕೇಳುವವರಿಲ್ಲ. ಇಷ್ಟು ಸುಲಭವಾದ್ದರಿಂದಲೇ ಬಾಣಗಳು ಎಲ್ಲೆಡೆ ಹರಡಿದವು. ಒಪ್ಪಿಗೆಯಿಲ್ಲ ಅನ್ನುವ ಕಾರಣಕ್ಕೆ ಕೆಳಗಿನ ಬಾಣ ಒತ್ತಬೇಡಿ ಅಂತ ಆ ತಾಣದ ನಡವಳಿಕೆಯ ಸೂಚನೆಗಳು ಹೇಳುತ್ತವೆ. ಆದರೆ ಸೂಚನೆ ಇರುವುದು ಬೇರೆಲ್ಲೋ, ಬಾಣ ಇರುವುದು ಬೆರಳಿನ ಕೆಳಗೆ. ಯಾವುದು ಗೆಲ್ಲುತ್ತದೆ ಹೇಳಿ?

ಬಂದ ಮತಗಳನ್ನು ಎಣಿಸುವುದೂ ಸುಲಭವಲ್ಲ. ಅಂಕ ನೋಡಿ ಜೋಡಿಸಿದರೆ ಮೊದಲು ಬರೆದವರಿಗೇ ಲಾಭ: ಮೇಲಿರುವುದನ್ನು ಹೆಚ್ಚು ಜನ ಓದುತ್ತಾರೆ, ಓದಿದವರು ಮತ ಹಾಕುತ್ತಾರೆ, ಅದು ಇನ್ನೂ ಮೇಲೇರುತ್ತದೆ. ಶೇಕಡಾವಾರು ನೋಡಿದರೆ ಇನ್ನೊಂದು ತೊಡಕು. ಒಂದು ಕಮೆಂಟಿಗೆ ಬಂದದ್ದು ಒಂದೇ ಮತ, ಅದೂ ಪರವಾಗಿ. ಅಂದರೆ 100ಕ್ಕೆ 100. ಇನ್ನೊಂದಕ್ಕೆ 90 ಪರ, 10 ವಿರೋಧ. ಮೊದಲನೆಯದೇ ಮೇಲಾ? 2009ರಲ್ಲಿ ರೆಡಿಟ್ ಇದಕ್ಕೆ ಹಳೆಯ ಸೂತ್ರವೊಂದನ್ನು ತಂದಿತು, 1927ರಲ್ಲಿ ಅಮೆರಿಕದ ಗಣಿತಜ್ಞ ಎಡ್ವಿನ್ ವಿಲ್ಸನ್ ಕೊಟ್ಟದ್ದು. ಮತ ಕಡಿಮೆ ಇದ್ದಷ್ಟೂ ಅದು ಅನುಮಾನದಿಂದ ನೋಡುತ್ತದೆ. ಶೇ 95ರ ಭರವಸೆ ಇಟ್ಟು ಲೆಕ್ಕ ಹಾಕಿದರೆ ಒಂಟಿ ಮತದ ಕಮೆಂಟಿಗೆ ಸಿಗುವುದು 100ಕ್ಕೆ ಸುಮಾರು 21, ನೂರು ಮತದ್ದಕ್ಕೆ ಸುಮಾರು 83.

ಲೆಕ್ಕ ಸರಿಹೋಯಿತು, ಮನಸ್ಸಿನದೇ ಕಷ್ಟ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಸಂಶೋಧಕರು ಲಕ್ಷಕ್ಕೂ ಹೆಚ್ಚು ಕಮೆಂಟುಗಳನ್ನು ತೆಗೆದುಕೊಂಡು, ಕೆಲವಕ್ಕೆ ಹುಟ್ಟಿದ ಕೂಡಲೇ ಒಂದು ಸುಳ್ಳು ಮೇಲ್ಮತ ಹಾಕಿದರು. ಅದನ್ನು ಮೊದಲು ನೋಡಿದವರು ತಾವೂ ಮೇಲ್ಮತ ಹಾಕುವ ಸಾಧ್ಯತೆ ಶೇ 32ರಷ್ಟು ಹೆಚ್ಚಿತು. ಕೊನೆಗೆ ಸರಾಸರಿ ಅಂಕವೇ ಶೇ 25 ಏರಿತ್ತು. ಸುಳ್ಳು ಕೆಳಮತವನ್ನು ಮಾತ್ರ ಜನ ತಾವಾಗಿಯೇ ಸರಿಪಡಿಸಿದರು. ಅಂದರೆ ಕಣ್ಣಿಗೆ ಕಾಣುವ ಅಂಕಿಯೇ ಮುಂದಿನ ಮತವನ್ನು ಎಳೆಯುತ್ತದೆ. ತಂತ್ರಜ್ಞಾನ ಸುದ್ದಿಯ ಇನ್ನೊಂದು ಚರ್ಚಾ ತಾಣ ಹ್ಯಾಕರ್ ನ್ಯೂಸ್ 2011ರಲ್ಲೇ ಬೇರೆಯವರ ಕಮೆಂಟಿನ ಅಂಕ ಕಾಣದಂತೆ ಮಾಡಿತ್ತು. ರೆಡಿಟ್ ಕೂಡ ಸ್ವಲ್ಪ ಹೊತ್ತು ಅಂಕ ಮುಚ್ಚಿಡುವ ಅವಕಾಶವನ್ನು ಆಮೇಲೆ ಕೊಟ್ಟಿತು.

ಕೆಳಗಿನ ಬಾಣದ ಕಥೆಯೇ ಬೇರೆ. ನಾಲ್ಕು ಸುದ್ದಿ ಸಮುದಾಯಗಳ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೆಳಮತ ತಿಂದವರು ಸುಮ್ಮನಾಗಲಿಲ್ಲ. ಇನ್ನೂ ಜಾಸ್ತಿ ಬರೆದರು, ಇನ್ನೂ ಕೆಟ್ಟದಾಗಿ ಬರೆದರು, ಬೇರೆಯವರಿಗೂ ಕೆಳಮತ ಹಾಕತೊಡಗಿದರು. ಅದಕ್ಕೇ ಈ ಬಾಣಕ್ಕೆ ಒಂದು ಬೆಲೆ ಇರಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಉತ್ತರಕ್ಕೆ ಕೆಳಮತ ಹಾಕಿದರೆ ಹಾಕಿದವರದ್ದೇ ಒಂದು ಪಾಯಿಂಟ್ ಹೋಗುತ್ತದೆ. ಚರ್ಚಾ ವೇದಿಕೆ ಕಟ್ಟಲು ಬಳಸುವ ಡಿಸ್ಕೋರ್ಸ್ ತಂತ್ರಾಂಶದವರು ಕೆಳಗಿನ ಬಾಣವನ್ನೇ ಬಿಟ್ಟು ಬರೀ ಹೃದಯದ ಗುರುತು ಇಟ್ಟರು.

ಎರಡು ಪ್ರಶ್ನೆಗಳನ್ನು ನೇರವಾಗಿ ಬೇರೆ ಮಾಡಿದ್ದು ಚರ್ಚಾ ತಾಣವಾದ ಲೆಸ್‌ರಾಂಗ್. 2022ರಿಂದ ಅಲ್ಲಿ ಕಮೆಂಟಿಗೆ ಎರಡು ಜೋಡಿ ಗುಂಡಿಗಳಿವೆ: ಒಂದು ಮಾತಿನ ಗುಣಕ್ಕೆ, ಇನ್ನೊಂದು ಒಪ್ಪಿಗೆಗೆ. ಕಮೆಂಟು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಮೊದಲನೆಯದು ಮಾತ್ರ ತೀರ್ಮಾನಿಸುತ್ತದೆ. ‘ನಾನು ಒಪ್ಪಲ್ಲ, ಆದರೆ ಎಲ್ಲರೂ ಓದಲಿ’ ಅನ್ನಲು ಅಲ್ಲಿ ಜಾಗವಿದೆ. ಫೋನಿನ ಸಣ್ಣ ಪರದೆಯಲ್ಲಿ ನಾಲ್ಕು ಗುಂಡಿಗಳನ್ನು ಕೈತಪ್ಪದಂತೆ, ಹೊಸಬರಿಗೂ ಅರ್ಥವಾಗುವಂತೆ ಇಡುವುದು ಹೇಗೆ ಅನ್ನುವುದೇ ಈಗ ವಿನ್ಯಾಸಕಾರರ ಮುಂದಿರುವ ಕೆಲಸ.