ನಾಲ್ಕಾಣೆ ಪುಸ್ತಕಕ್ಕೆ ಐವತ್ತು ರೂಪಾಯಿ: ಪುಸ್ತಕ ನಿಷೇಧದ ಹಿಂದಿನ ಕಥೆ

1919ರ ಏಪ್ರಿಲ್ 6, ಭಾನುವಾರ. ರೌಲಟ್ ಕಾಯ್ದೆ ವಿರುದ್ಧ ಬೊಂಬಾಯಿ ಪೂರ್ತಿ ಹರತಾಳ. ಸಂಜೆ ಜನ ಉಪವಾಸ ಮುರಿದ ಮೇಲೆ ಎರಡು ಕಾರುಗಳು ಬೀದಿಗಿಳಿದವು. ಒಂದರಲ್ಲಿ ಗಾಂಧೀಜಿ, ಇನ್ನೊಂದರಲ್ಲಿ ಸರೋಜಿನಿ ನಾಯ್ಡು. ಕಾರಿನ ತುಂಬ ಪುಸ್ತಕ. ಎಲ್ಲವೂ ಸರ್ಕಾರ ನಿಷೇಧಿಸಿದ್ದವು, ಅದರಲ್ಲೂ ಮುಖ್ಯವಾಗಿ ಗಾಂಧೀಜಿಯವರದೇ ‘ಹಿಂದ್ ಸ್ವರಾಜ್’ ಮತ್ತು ‘ಸರ್ವೋದಯ’. ಒಂದರ ಬೆಲೆ ನಾಲ್ಕಾಣೆ. ಕೊಂಡವರೂ ಜೈಲಿಗೆ ಹೋಗಬೇಕಾದೀತು ಅಂತ ಮೊದಲೇ ಹೇಳಿ ಮಾರಿದರು. ಆದರೂ ಯಾರೂ ಹಿಂದೆ ಸರಿಯಲಿಲ್ಲ. ನಾಲ್ಕಾಣೆ ಕೊಟ್ಟವರೇ ಕಡಿಮೆ. ಐದು ರೂಪಾಯಿ, ಹತ್ತು ರೂಪಾಯಿ ನೋಟು ಕೊಟ್ಟು ಚಿಲ್ಲರೆ ಕೇಳದೆ ಹೋದರು. ಒಂದು ಪ್ರತಿಯಂತೂ ಐವತ್ತು ರೂಪಾಯಿಗೆ ಹೋಯಿತು ಎಂದು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ.

ಮಾರನೆಯ ದಿನ ಸರ್ಕಾರ ಯಾರನ್ನೂ ಬಂಧಿಸಲಿಲ್ಲ. ಮಾರಿದ್ದು ಮರುಮುದ್ರಣ, ನಾವು ನಿಷೇಧಿಸಿದ್ದು ಹಳೆಯ ಮುದ್ರಣ, ಹಾಗಾಗಿ ಕಾನೂನು ಮುರಿದಿಲ್ಲ ಎಂಬ ನಿಲುವು ತಾಳಿತು. ಜೈಲಿಗೆ ಹೋಗಲು ಸಿದ್ಧರಾಗಿದ್ದ ಜನಕ್ಕೆ ನಿರಾಸೆಯಾಯಿತಂತೆ.

ನೂರು ವರ್ಷ ಹಳೆಯ ಈ ಪ್ರಸಂಗವನ್ನು ನಾನು ಮತ್ತೆ ಮತ್ತೆ ನೆನಪಿಸಿಕೊಳ್ಳುತ್ತೇನೆ. ನಿಷೇಧ ಅಂದರೆ ಏನು, ಅದನ್ನು ಜನ ಹೇಗೆ ದಾಟುತ್ತಾರೆ ಅನ್ನುವುದೆಲ್ಲ ಇದರಲ್ಲೇ ಇದೆ. ಸರ್ಕಾರದ ಕೈಗೆ ಸಿಗುವುದು ಕಾಗದದ ಕಟ್ಟು ಮಾತ್ರ. ಅದೇ ಮಾತು ಬೇರೆ ಕಾಗದದ ಮೇಲೆ, ಬೇರೆ ಭಾಷೆಯಲ್ಲಿ, ಬೇರೆ ಊರಿನಲ್ಲಿ ಅಚ್ಚಾದರೆ ಆಟ ಮತ್ತೆ ಮೊದಲಿನಿಂದ ಶುರು. ಹಾಗಂತ ಎಲ್ಲ ಪುಸ್ತಕಕ್ಕೂ ‘ಬೇರೆ ಊರು’ ಇರುವುದಿಲ್ಲ ಅಲ್ವಾ? ಆ ಮಾತಿಗೆ ಆಮೇಲೆ ಬರುತ್ತೇನೆ.

‘ಹಿಂದ್ ಸ್ವರಾಜ್’ ಹುಟ್ಟಿದ್ದು ಸಮುದ್ರದ ಮೇಲೆ. 1909ರ ನವೆಂಬರ್‌ನಲ್ಲಿ ಗಾಂಧೀಜಿ ಲಂಡನ್‌ನಿಂದ ದಕ್ಷಿಣ ಆಫ್ರಿಕಾಕ್ಕೆ ‘ಕಿಲ್ಡೊನನ್ ಕ್ಯಾಸಲ್’ ಹಡಗಿನಲ್ಲಿ ವಾಪಸ್ ಹೋಗುತ್ತಿದ್ದರು. ಹಡಗಿನದೇ ಕಾಗದ ತೆಗೆದುಕೊಂಡು ಗುಜರಾತಿಯಲ್ಲಿ ಬರೆಯುತ್ತಾ ಹೋದರು. ಬಲಗೈ ಸೋತಾಗ ಎಡಗೈಯಲ್ಲಿ ಬರೆದರು. ಹತ್ತೇ ದಿನದಲ್ಲಿ ಮುಗಿಯಿತು. ಮರುವರ್ಷ ಪುಸ್ತಕವಾಗಿ ಬಂತು. ಮಾರ್ಚ್‌ನಲ್ಲಿ ಬೊಂಬಾಯಿ ಸರ್ಕಾರ ಅದನ್ನು ನಿಷೇಧಿಸಿತು. ಗಾಂಧೀಜಿ ಸುಮ್ನೆ ಕೂರಲಿಲ್ಲ. ತಾವೇ ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿಬಿಟ್ಟರು. ಗುಜರಾತಿ ಪುಸ್ತಕ ತಡೆಯಲು ಹೋಗಿ ಸರ್ಕಾರ ಅದನ್ನು ಗುಜರಾತಿ ಬಾರದವರಿಗೂ ತಲುಪಿಸಿದಂತಾಯಿತು.

ಅದೇ 1910ರಲ್ಲಿ ಹೊಸ ಪ್ರೆಸ್ ಕಾಯ್ದೆ ಬಂತು. ರಾಜದ್ರೋಹ ಅನ್ನಿಸಿದ ಯಾವುದೇ ಬರಹವನ್ನು ಪ್ರಾಂತ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ಮುಟ್ಟುಗೋಲು ಹಾಕಿಕೊಳ್ಳಬಹುದಿತ್ತು. ಹೊರದೇಶದಿಂದ ಬರುವುದನ್ನು ತಡೆಯಲು 1878ರ ಸಮುದ್ರ ಸುಂಕ ಕಾಯ್ದೆ ಇದ್ದೇ ಇತ್ತು. ಅಂಚೆ ಕಚೇರಿಯಲ್ಲಿ ಪೊಟ್ಟಣ ಬಿಚ್ಚಿ ನೋಡುವ ಅಧಿಕಾರವೂ ಇತ್ತು.

ಬರೆಯುವವರು, ಓದುವವರು ಒಬ್ಬೊಬ್ಬರು ಒಂದೊಂದು ದಾರಿ ಹುಡುಕಿದರು. 1857ರ ಬಗ್ಗೆ ಸಾವರ್ಕರ್ ಬರೆದ ಮರಾಠಿ ಪುಸ್ತಕ ಅಚ್ಚಾಗುವ ಮೊದಲೇ ನಿಷೇಧವಾಗಿತ್ತು. ಅದರ ಇಂಗ್ಲಿಷ್ ಅನುವಾದ 1909ರಲ್ಲಿ ಹಾಲೆಂಡಿನಲ್ಲಿ ಅಚ್ಚಾಯಿತು. ಬೇರೆ ಕಾದಂಬರಿಗಳ ರಕ್ಷಾಪುಟ ಹೊದ್ದು ಭಾರತಕ್ಕೆ ಬಂತು. ಉತ್ತರದ ಹಮೀರ್‌ಪುರದಲ್ಲಿ ಶಾಲಾ ಇನ್‌ಸ್ಪೆಕ್ಟರ್ ಕೆಲಸದಲ್ಲಿದ್ದ ಧನಪತ್ ರಾಯ್ ಆಗ ‘ನವಾಬ್ ರಾಯ್’ ಹೆಸರಲ್ಲಿ ಬರೆಯುತ್ತಿದ್ದರು. ಅವರ ಕಥಾಸಂಕಲನ ‘ಸೋಜ್-ಎ-ವತನ್’ ಕಲೆಕ್ಟರ್ ಕಣ್ಣಿಗೆ ಬಿತ್ತು. ಮಾರಾಟವಾಗದೆ ಉಳಿದ ಪ್ರತಿಗಳನ್ನು ಒಪ್ಪಿಸಬೇಕಾಯಿತು. ಅವು ಬೆಂಕಿಗೆ ಹೋದವು. ಧನಪತ್ ರಾಯ್ ಹೆಸರು ಬದಲಾಯಿಸಿಕೊಂಡು ಬರೆಯುವುದನ್ನು ಮುಂದುವರಿಸಿದರು. ಆ ಹೊಸ ಹೆಸರೇ ಪ್ರೇಮಚಂದ್.

ನಮ್ಮ ಕಡೆಯೂ ಗಾಳಿ ಹೀಗೇ ಇತ್ತು. ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ಪತ್ರಿಕೆಗಳ ಮೇಲೆ ಬಿಗಿ ಕಾನೂನು ಬಂದಾಗ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು.

ಮತ್ತೆ 1919ಕ್ಕೆ ಬರೋಣ. ಪುಸ್ತಕ ಮಾರಿದ ಮರುದಿನ, ಏಪ್ರಿಲ್ 7ರಂದು ಗಾಂಧೀಜಿ ‘ಸತ್ಯಾಗ್ರಹಿ’ ಎಂಬ ಒಂದು ಹಾಳೆಯ ಪತ್ರಿಕೆ ಹೊರತಂದರು. ಬೇಕೆಂದೇ ನೋಂದಣಿ ಮಾಡಿಸಲಿಲ್ಲ. ಬೆಲೆ ಒಂದು ಪೈಸೆ. ಅದರಲ್ಲಿ ಓದುಗರಿಗೆ ಒಂದು ಕೋರಿಕೆ ಇತ್ತು: ಓದಿ, ನಕಲು ಮಾಡಿ, ಸ್ನೇಹಿತರಿಗೆ ಹಂಚಿ, ಅವರಿಗೂ ನಕಲು ಮಾಡಿ ಹಂಚಲು ಹೇಳಿ. ಒಂದೇ ಪ್ರೆಸ್ ಇದ್ದರೆ ಬೀಗ ಹಾಕಬಹುದು. ಓದಿದವರೆಲ್ಲ ಪ್ರೆಸ್ ಆಗಿಬಿಟ್ಟರೆ ಎಷ್ಟು ಮನೆಗೆ ಬೀಗ ಹಾಕುವುದು?

ಆ ಕೋರಿಕೆ ಓದಿದಾಗ ನನಗೆ ನೆನಪಾಗುವುದು ಕಾಲೇಜಿನ ದಿನಗಳ ಒಂದು ಜೆರಾಕ್ಸ್ ಪ್ರತಿ. ಅಂಗಡಿಯಲ್ಲಿ ಸಿಗದ ಪುಸ್ತಕ. ಎರಡೆರಡು ಪುಟ ಒಂದೇ ಹಾಳೆಯಲ್ಲಿ, ಸ್ಪೈರಲ್ ಬೈಂಡಿಂಗ್. ಒಳ ಅಂಚಿನ ಅಕ್ಷರಗಳು ಕಪ್ಪು ನೆರಳಿನಲ್ಲಿ ಮುಚ್ಚಿಹೋಗಿದ್ದವು. ಪ್ರತಿ ಸಾಲಿನ ಕೊನೇ ಪದವನ್ನು ಊಹಿಸಿಕೊಂಡೇ ಓದಬೇಕು. ನನಗಿಂತ ಮೊದಲು ಓದಿದ ಯಾರೋ ಪುಣ್ಯಾತ್ಮರು ಕಾಣದ ಪದಗಳನ್ನು ಪೆನ್ಸಿಲ್‌ನಲ್ಲಿ ತುಂಬಿದ್ದರು. ಎರಡು ರಾತ್ರಿಯಲ್ಲಿ ಮುಗಿಸಿ ವಾಪಸ್ ಕೊಡಬೇಕಿತ್ತು, ಸರದಿಯಲ್ಲಿ ಇನ್ನೂ ಜನ ಇದ್ದರು. ಅಷ್ಟು ಗಮನ ಇಟ್ಟು ನಾನು ಬೇರೆ ಪುಸ್ತಕ ಓದಿದ್ದು ಕಡಿಮೆ.

ಬ್ರಿಟಿಷರು ಹೋದ ಮೇಲೆ ಈ ಕಾನೂನು ಹೋಯಿತು ಅಂದುಕೊಂಡರೆ ತಪ್ಪು. 1910ರ ಪ್ರೆಸ್ ಕಾಯ್ದೆಯನ್ನು 1922ರಲ್ಲಿ ರದ್ದು ಮಾಡುವಾಗಲೇ ಮುಟ್ಟುಗೋಲಿನ ಅಧಿಕಾರವನ್ನು ದಂಡ ಪ್ರಕ್ರಿಯಾ ಸಂಹಿತೆಗೆ 99ಎ ಕಲಂ ಆಗಿ ಸೇರಿಸಿದ್ದರು. 1973ರ ಸಂಹಿತೆಯಲ್ಲಿ ಅದು 95ನೇ ಕಲಂ ಆಯಿತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 98ನೇ ಕಲಂ. ಸಂಖ್ಯೆ ಬದಲಾಗಿದೆ, ಒಳಗಿನ ಯಂತ್ರ ಹೆಚ್ಚುಕಡಿಮೆ ಅದೇ.

ಆ ಯಂತ್ರ ಹೀಗೆ ಕೆಲಸ ಮಾಡುತ್ತದೆ. ಸಮುದಾಯಗಳ ನಡುವೆ ದ್ವೇಷ, ಧಾರ್ಮಿಕ ಭಾವನೆಗೆ ಧಕ್ಕೆ, ಅಶ್ಲೀಲತೆ ಮುಂತಾದ ಅಪರಾಧ ಪುಸ್ತಕದಲ್ಲಿದೆ ಎಂದು ರಾಜ್ಯ ಸರ್ಕಾರಕ್ಕೆ ಅನ್ನಿಸಿದರೆ ಸಾಕು, ಮೊದಲು ಕೋರ್ಟಿಗೆ ಹೋಗಬೇಕಿಲ್ಲ. ಕಾರಣ ಬರೆದು ಅಧಿಸೂಚನೆ ಹೊರಡಿಸಿದರೆ ಪ್ರತಿಯೊಂದು ಪ್ರತಿಯೂ ಸರ್ಕಾರದ ಸ್ವತ್ತು. ಹೊರಡಿಸುವುದು ಒಂದು ರಾಜ್ಯವೇ ಆದರೂ, ಕಾನೂನಿನ ಮಾತಿನಲ್ಲಿ ಭಾರತದ ಯಾವ ಮೂಲೆಯಲ್ಲಿ ಸಿಕ್ಕರೂ ಪೊಲೀಸರು ಪುಸ್ತಕ ಎತ್ತಿಕೊಂಡು ಹೋಗಬಹುದು. ಒಪ್ಪದವರು ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬೇಕು. ಅಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಕೇಳುತ್ತದೆ. ಕೆಲವೊಮ್ಮೆ ಅಧಿಸೂಚನೆ ಬಿದ್ದೂ ಹೋಗುತ್ತದೆ. ಜಸ್ವಂತ್ ಸಿಂಗ್ ಅವರ ಜಿನ್ನಾ ಪುಸ್ತಕಕ್ಕೆ ಗುಜರಾತ್ ಹಾಕಿದ ನಿಷೇಧವನ್ನು ಹೈಕೋರ್ಟ್ 2009ರಲ್ಲಿ ಕೆಲವೇ ವಾರಗಳಲ್ಲಿ ತೆಗೆದುಹಾಕಿತು. ಶಿವಾಜಿ ಕುರಿತ ಜೇಮ್ಸ್ ಲೇನ್ ಪುಸ್ತಕಕ್ಕೆ ಮಹಾರಾಷ್ಟ್ರ 2004ರಲ್ಲಿ ಹಾಕಿದ ನಿಷೇಧಕ್ಕೆ ಸುಪ್ರೀಂ ಕೋರ್ಟಿನಲ್ಲಿ ಕೊನೇ ತೆರೆ ಬಿದ್ದದ್ದು 2010ರಲ್ಲಿ. ಆರು ವರ್ಷ! ಅಷ್ಟು ದಿನ ಯಾವ ಅಂಗಡಿಯವರು ಅದನ್ನು ಕಪಾಟಿನಲ್ಲಿಟ್ಟು ಪೊಲೀಸರಿಗಾಗಿ ಕಾಯುತ್ತಾರೆ? 2025ರ ಆಗಸ್ಟ್‌ನಲ್ಲಿ ಜಮ್ಮು ಕಾಶ್ಮೀರದಲ್ಲಿ ಒಂದೇ ಆದೇಶಕ್ಕೆ 25 ಪುಸ್ತಕಗಳು ಮುಟ್ಟುಗೋಲಾದವು. ಪೊಲೀಸರು ಹೋಗಿ ಹುಡುಕಾಡಿದ್ದು ಪುಸ್ತಕದಂಗಡಿಗಳಲ್ಲೇ. ನಿಷೇಧದ ಭಾರ ಮೊದಲು ಬೀಳುವುದು ಅಂಗಡಿಯವರ ಹೆಗಲಿಗೆ.

ಈಗ ಕನ್ನಡದ ಮಾತು. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿ 1995ರಲ್ಲಿ ಬಂತು. ಬಸವಣ್ಣನವರ ಅಕ್ಕನ ಚಿತ್ರಣದ ಬಗ್ಗೆ ಆಕ್ಷೇಪ ಎದ್ದಿತು. 1997ರಲ್ಲಿ ಕರ್ನಾಟಕ ಸರ್ಕಾರ 95ನೇ ಕಲಂ ಬಳಸಿ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಕೋರ್ಟ್ ಮೆಟ್ಟಿಲೇರಿದರು. ಹತ್ತು ವರ್ಷ ಕಳೆದು, 2007ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು.

ಆ ಚಿತ್ರಣದಿಂದ ನೊಂದವರ ನೋವು ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ನನ್ನನ್ನು ಜಾಸ್ತಿ ಕಾಡುವುದು ಬೇರೆ ವಿಷಯ. ಇಂಗ್ಲಿಷ್ ಪುಸ್ತಕವೊಂದನ್ನು ಇಲ್ಲಿ ನಿಷೇಧಿಸಿದರೆ ಲಂಡನ್ನಿನಲ್ಲಿ ಸಿಗುತ್ತದೆ, ನ್ಯೂಯಾರ್ಕಿನಲ್ಲಿ ಸಿಗುತ್ತದೆ, ಹೋಗಿಬರುವವರ ಸೂಟ್‌ಕೇಸಿನಲ್ಲಿ ಬರುತ್ತದೆ. ಈಗಂತೂ ಪಿಡಿಎಫ್ ಬಂದುಬಿಡುತ್ತದೆ. ಕನ್ನಡ ಕಾದಂಬರಿಗೆ ಆ ದಾರಿ ಎಲ್ಲಿದೆ? ಅದಕ್ಕೆ ಮನೆಯೂ ಕರ್ನಾಟಕ, ಪೇಟೆಯೂ ಕರ್ನಾಟಕ. ಅಚ್ಚಾಗುವುದು ಸಾವಿರ, ಎರಡು ಸಾವಿರ ಪ್ರತಿ. ಇಲ್ಲಿ ಬಾಗಿಲು ಹಾಕಿದರೆ ಅದನ್ನು ಅಚ್ಚು ಮಾಡಲು ಬೇರೆ ದೇಶವಿಲ್ಲ. ಕೈಬೆರಳೆಣಿಕೆಯ ಹಳೆಯ ಪ್ರತಿಗಳು, ಅವುಗಳ ಜೆರಾಕ್ಸ್, ಅಷ್ಟೇ ಆಧಾರ. ಅದೇ ಕಲಂ ಸಣ್ಣ ಭಾಷೆಯ ಮೇಲೆ ಬಿದ್ದಾಗ ಪೆಟ್ಟು ದೊಡ್ಡದು. ಗಾಂಧೀಜಿ ತಮ್ಮ ಗುಜರಾತಿ ಪುಸ್ತಕವನ್ನು ಇಂಗ್ಲಿಷಿಗೆ ದಾಟಿಸಿ ಉಳಿಸಿಕೊಂಡರು. ಎಲ್ಲ ಲೇಖಕರಿಗೂ ಆ ದೋಣಿ ಸಿಗುವುದಿಲ್ಲ.

ಇಂಗ್ಲಿಷ್ ಪುಸ್ತಕದ ದಾರಿ ಹೇಗಿರುತ್ತದೆ ಅನ್ನುವುದಕ್ಕೆ ಸಲ್ಮಾನ್ ರಶ್ದಿ ಅವರ ‘ದಿ ಸೆಟಾನಿಕ್ ವರ್ಸಸ್’ ಕಥೆ ನೋಡಿ. 1988ರ ಅಕ್ಟೋಬರ್ 5ರಂದು ಕೇಂದ್ರ ಸರ್ಕಾರ ಅದನ್ನು ತಡೆದದ್ದು ಕಸ್ಟಮ್ಸ್ ಅಧಿಸೂಚನೆಯಿಂದ. ಅಂದರೆ ಹೊರಗಿನಿಂದ ತರಿಸುವಂತಿಲ್ಲ. ಆದರೂ ದೇಶದೊಳಗೆ ಅಚ್ಚು ಹಾಕುವ ಧೈರ್ಯವನ್ನು ಪ್ರಕಾಶಕರು ಮಾಡಲಿಲ್ಲ. 2012ರ ಜೈಪುರ ಸಾಹಿತ್ಯೋತ್ಸವದಲ್ಲಿ ನಾಲ್ವರು ಲೇಖಕರು ಅದರ ಭಾಗಗಳನ್ನು ವೇದಿಕೆಯಲ್ಲಿ ಓದಿದರು, ಆಮೇಲೆ ಊರು ಬಿಡಬೇಕಾಯಿತು. ಉಳಿದವರು ಕದ್ದುಮುಚ್ಚಿ ಓದಿದರು.

ಕೊನೆಗೆ 2019ರಲ್ಲಿ ಒಬ್ಬ ಓದುಗ ದೆಹಲಿ ಹೈಕೋರ್ಟಿಗೆ ಹೋದರು. ಅವರು ಲೇಖಕರೂ ಅಲ್ಲ, ಪ್ರಕಾಶಕರೂ ಅಲ್ಲ. ಪುಸ್ತಕ ತರಿಸಿಕೊಂಡು ಓದಬೇಕು ಅನ್ನುವುದಷ್ಟೇ ಅವರ ಆಸೆ. ಅದಕ್ಕೆ ಅಡ್ಡವಾಗಿರುವ ಅಧಿಸೂಚನೆ ಎಲ್ಲಿದೆ, ತೋರಿಸಿ ಅಂದರು. ಇಲಾಖೆಗಳು ಹುಡುಕಿದವು. ವರ್ಷಗಟ್ಟಲೆ ಹುಡುಕಿದರೂ ಯಾರಿಂದಲೂ ಆ ಕಾಗದ ತಂದುಕೊಡಲು ಆಗಲಿಲ್ಲ. ಅಂಥ ಅಧಿಸೂಚನೆಯೇ ಇಲ್ಲ ಎಂದು ಭಾವಿಸದೆ ನಮಗೆ ಬೇರೆ ದಾರಿಯಿಲ್ಲ ಎಂದು 2024ರ ನವೆಂಬರ್ 5ರಂದು ಹೈಕೋರ್ಟ್ ಹೇಳಿತು. ಡಿಸೆಂಬರ್‌ನಲ್ಲಿ, ಮೂವತ್ತಾರು ವರ್ಷಗಳ ನಂತರ, ದೆಹಲಿಯ ಅಂಗಡಿಯೊಂದು ಆ ಪುಸ್ತಕವನ್ನು ಎಲ್ಲರಿಗೂ ಕಾಣುವಂತೆ ಮಾರಾಟಕ್ಕಿಟ್ಟಿತು. ‘ಧರ್ಮಕಾರಣ’ದ ಆದೇಶದ ಪ್ರತಿ ಮಾತ್ರ ಸುಪ್ರೀಂ ಕೋರ್ಟಿನ ತೀರ್ಪಿನ ಜೊತೆ ಭದ್ರವಾಗಿದೆ.