ಅಮೆರಿಕದ ಆ ಗೂಡ್ಸ್ ರೈಲು ಅಷ್ಟು ನಿಧಾನ ಯಾಕೆ?

ಪ್ರಶ್ನೆ: ಅಮೆರಿಕದ ಸಣ್ಣ ರೈಲು ಕಂಪನಿಗಳ ಗೂಡ್ಸ್ ಗಾಡಿಗಳು ಕೆಲವು ಕಡೆ ಗಂಟೆಗೆ 16 ಕಿ.ಮೀ. ವೇಗದಲ್ಲಿ ತೆವಳುತ್ತವಂತೆ. ಇನ್ನೊಂದು ಎಂಜಿನ್ ಹಚ್ಚಿದರೆ ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಅಲ್ಲಿ ವೇಗದ ಮಿತಿ ಗೊತ್ತುಮಾಡುವುದು ಹಳಿಯ ಸ್ಥಿತಿ ನೋಡಿ. ಅಲ್ಲಿಯ ಸರ್ಕಾರದ ರೈಲು ಸುರಕ್ಷತಾ ಸಂಸ್ಥೆಯಾದ ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್ ಹಳಿಗಳಿಗೆ ದರ್ಜೆ ಕೊಟ್ಟಿದೆ. ಒಂದನೇ ದರ್ಜೆಯ ಹಳಿಯಲ್ಲಿ ಗೂಡ್ಸ್‌ಗೆ ಗಂಟೆಗೆ 10 ಮೈಲಿ, ಅಂದರೆ ನೀವು ಕೇಳಿದ 16 ಕಿ.ಮೀ. ಎರಡನೇ ದರ್ಜೆಗೆ 25 ಮೈಲಿ, ಮೂರನೆಯದಕ್ಕೆ 40, ನಾಲ್ಕನೆಯದಕ್ಕೆ 60. ಒಂದನೇ ದರ್ಜೆ ಎಂದರೆ ಇಲ್ಲಿ ಕಡೆಯ ಸಾಲು, ನೆನಪಿರಲಿ. ನೇರ ಹಳಿಯ 39 ಅಡಿಯಲ್ಲಿ ಸಾಮಾನ್ಯವಾಗಿ 20ಕ್ಕೂ ಜಾಸ್ತಿ ಮರದ ಸ್ಲೀಪರ್ (ಹಳಿಯ ಅಡಿಯಲ್ಲಿ ಅಡ್ಡ ಹಾಕುವ ದಿಮ್ಮಿ) ಇರುತ್ತವೆ. ಅದರಲ್ಲಿ 5 ಗಟ್ಟಿ ಇದ್ದರೆ ಒಂದನೇ ದರ್ಜೆಗೆ ಸಾಕು! ಎರಡನೆಯದಕ್ಕೆ 8 ಬೇಕು, ನಾಲ್ಕನೆಯದಕ್ಕೆ 12.

ಸೌತ್ ಡಕೋಟಾ ರಾಜ್ಯದ ಒಂದು ಮಾರ್ಗವನ್ನೇ ನೋಡಿ. 1986ರಲ್ಲಿ ಡಕೋಟಾ, ಮಿನೆಸೋಟ ಅಂಡ್ ಈಸ್ಟರ್ನ್ ಎಂಬ ಕಂಪನಿ ಇದನ್ನು ತೀರಾ ಹಳೆಯ ಹಳಿಗಳ ಸಮೇತ ವಹಿಸಿಕೊಂಡಿತು. ಆಮೇಲೆ ಅದು ಕೆನಡಿಯನ್ ಪೆಸಿಫಿಕ್ ಕೈ ಸೇರಿತು. 2014ರಿಂದ ಪಶ್ಚಿಮದ ಭಾಗ ರ‍್ಯಾಪಿಡ್ ಸಿಟಿ, ಪಿಯರ್ ಅಂಡ್ ಈಸ್ಟರ್ನ್ ಹೆಸರಲ್ಲಿ ಓಡುತ್ತಿದೆ. ಅಲ್ಲಿ ಮಿಸೌರಿ ನದಿಯ ಪಶ್ಚಿಮಕ್ಕೆ ಇರುವುದು ಪಿಯರ್ ಶೇಲ್ ಎಂಬ ಜೇಡಿ ನೆಲ. ನಮ್ಮ ಗದಗ, ಧಾರವಾಡದ ಎರೆಮಣ್ಣಿನಂತೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮೇಲಿನ ಹಳಿ ನೆಟ್ಟಗೆ ನಿಲ್ಲುವುದಾದರೂ ಹೇಗೆ? ತಮಾಷೆ ಎಂದರೆ ಉಬ್ಬುವ ಜೇಡಿಯೇ ಅಲ್ಲಿಯ ಸರಕು ಕೂಡ: ಬೆಂಟೊನೈಟ್.

ಹೀಗಾಗಿ ಸುಮ್ನೆ ಸ್ಲೀಪರ್ ಬದಲಿಸಿದರೆ ಸಾಲದು. ಮೊದಲು ಚರಂಡಿ ತೆಗೆದು ನೀರು ಹರಿಸಬೇಕು. ಆಮೇಲೆ ಸ್ಲೀಪರ್, ಹೊಸ ಜಲ್ಲಿ, ಟ್ಯಾಂಪಿಂಗ್ (ಸ್ಲೀಪರ್ ಅಡಿಗೆ ಜಲ್ಲಿ ಗಟ್ಟಿಯಾಗಿ ತುಂಬುವುದು). ತುಂಬಿದ ವ್ಯಾಗನ್ ಈಗ ಸುಮಾರು 130 ಟನ್ ತೂಗುತ್ತದೆ. ಹಳೆಯ ತೆಳು ಹಳಿ ಅದಕ್ಕೆ ತಾಳುವುದಿಲ್ಲ, ಮೀಟರಿಗೆ 57 ಕೆ.ಜಿ. ಅಥವಾ ಇನ್ನೂ ದಪ್ಪದ ಹಳಿ ಹಾಕುತ್ತಾರೆ.

ಇನ್ನೊಂದು ತೊಡಕಿದೆ. 39 ಅಡಿಯ ತುಂಡುಗಳನ್ನು ಜೋಡಿಸಿದ ಹಳಿಯಲ್ಲಿ ಎಡಬಲದ ಜೋಡಣೆಗಳು ಎದುರುಬದುರು ಬರುವುದಿಲ್ಲ. ಜೋಡಣೆ ತಗ್ಗಾದಲ್ಲೆಲ್ಲ ವ್ಯಾಗನ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓಲಾಡುತ್ತದೆ. ಗಂಟೆಗೆ 15ರಿಂದ 20 ಮೈಲಿಯ ಆಸುಪಾಸಿನಲ್ಲಿ ಈ ಓಲಾಟಕ್ಕೆ ತಾಳ ಕೂಡಿ ಚಕ್ರವೇ ಹಳಿಯಿಂದ ಮೇಲೇಳಬಹುದು. 10 ಮೈಲಿಯಲ್ಲಿ ಸುರಕ್ಷಿತವಾಗಿದ್ದ ಹಳಿ 18ರಲ್ಲಿ ಅಪಾಯ ತರುವುದು ಹೀಗೆ. ಬೆಸುಗೆ ಹಾಕಿದ ಉದ್ದ ಹಳಿಯಲ್ಲಿ ಈ ಕಾಟ ಇಲ್ಲ.

ಇಷ್ಟೆಲ್ಲ ಖರ್ಚು ವೇಗವನ್ನು 10ರಿಂದ 25ಕ್ಕೆ, ಅಂದರೆ ಬರೀ 15 ಮೈಲಿ ಹೆಚ್ಚಿಸುವುದಕ್ಕಾ? ಹೌದು, ನನಗಂತೂ ಅದೇ ಲಾಭದ ವ್ಯವಹಾರ ಅನಿಸುತ್ತದೆ. ಅಲ್ಲಿ ರೈಲು ಸಿಬ್ಬಂದಿ ಒಂದು ಪಾಳಿಯಲ್ಲಿ 12 ಗಂಟೆಗಿಂತ ಜಾಸ್ತಿ ದುಡಿಯುವಂತಿಲ್ಲ. 10 ಮೈಲಿ ವೇಗದಲ್ಲಿ ಎಲ್ಲೂ ನಿಲ್ಲದೆ ಓಡಿದರೂ ಪಾಳಿ ಮುಗಿಯುವಷ್ಟರಲ್ಲಿ 120 ಮೈಲಿ. ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ, ಇನ್ನೊಂದು ತಂಡವನ್ನು ವ್ಯಾನಿನಲ್ಲಿ ಕಳಿಸಬೇಕು. 25 ಆದರೆ ಅದೇ ದೂರ ಐದು ಗಂಟೆಯೊಳಗೆ. ಎಂಜಿನ್, ವ್ಯಾಗನ್ ಎರಡೂ ಬೇಗ ಬಿಡುವಾಗುತ್ತವೆ.

ಅದರಾಚೆಗೆ ದಿನಕ್ಕೆ ಒಂದೆರಡು ಗಾಡಿ ಓಡುವ ಮಾರ್ಗದಲ್ಲಿ ಖರ್ಚು ಗಿಟ್ಟುವುದು ಕಷ್ಟ. ನಾಲ್ಕನೇ ದರ್ಜೆಗೆ ಏರಿಸಿದರೂ, ಬ್ಲಾಕ್ ಸಿಗ್ನಲ್ (ಮುಂದಿನ ಹಳಿ ಖಾಲಿ ಇದೆಯೇ ಎಂದು ತೋರಿಸುವ ಸಿಗ್ನಲ್) ಇಲ್ಲದ ಕಡೆ ಗೂಡ್ಸ್ ಗಾಡಿ 49 ಮೈಲಿ ದಾಟುವಂತಿಲ್ಲ.