ಕಕ್ಕು ಹಾಕುವ ಸುತ್ತಿಗೆಗೆ ಎಂಥ ಕಾವು ಬೇಕು?

ಗಿರಣಿ ಕಲ್ಲು ನುಣುಪಾಗಿದೆ ಅನ್ನೋದು ಮೊದಲು ಗೊತ್ತಾಗುವುದು ಹಿಟ್ಟಿನಲ್ಲಿ. ಬಿಳಿಜೋಳದ ಹಿಟ್ಟು ಬಿಸಿಬಿಸಿಯಾಗಿ ಬೀಳುತ್ತದೆ, ಬೆರಳಲ್ಲಿ ತಿಕ್ಕಿದರೆ ತರಿ ಸಿಗುತ್ತದೆ. ಆಗ ಗಿರಣಿಯವರು ಪಟ್ಟಾ ಕಳಚಿ, ಕಲ್ಲು ಇಳಿಸಿ, ಕಕ್ಕು ಹಾಕಲು, ಅಂದರೆ ಕಲ್ಲಿನ ಮುಖವನ್ನು ಕಡಿದು ಮತ್ತೆ ಒರಟು ಮಾಡಲು ಕೂರುತ್ತಾರೆ. ಎರಡೂ ಕಡೆ ಚೂಪಾದ ಸಣ್ಣ ಸುತ್ತಿಗೆಯಿಂದ ಕಲ್ಲಿನ ಮುಖಕ್ಕೆ ಒಂದೊಂದೇ ಪೆಟ್ಟು. ಒಂದು ಜೋಡಿ ಕಲ್ಲು ಮುಗಿಯುವಷ್ಟರಲ್ಲಿ ಸಾವಿರಗಟ್ಟಲೆ ಪೆಟ್ಟು ಬಿದ್ದಿರುತ್ತದೆ.

ಬೆಳಗಾವಿಯ ಉದ್ಯಮಬಾಗದಲ್ಲಿ ಕೈ ಹತ್ಯಾರಗಳ ವಿನ್ಯಾಸ ನನ್ನ ಕೆಲಸ. ಕಲ್ಲಿನ ಸುತ್ತಿಗೆ ಕೇಳಿಕೊಂಡು ಬರುವವರು ಉಕ್ಕಿನ ಬಗ್ಗೆ ಚೆನ್ನಾಗಿ ವಿಚಾರಿಸುತ್ತಾರೆ. ಕಾಯಿಸಿದ ಉಕ್ಕಿಗೆ ನೀರು ಸರಿಯಾಗಿ ಕುಡಿಸಿದ್ದೀರಾ, ಮೊನೆ ಎಷ್ಟು ದಿನ ಬಾಳುತ್ತದೆ, ಮತ್ತೆ ಕುಲುಮೆಗೆ ಹಾಕಬಹುದಾ? ಕಾವಿನ, ಅಂದರೆ ಮರದ ಹಿಡಿಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಅದು ಸುಮ್ನೆ ಜೊತೆಗೆ ಬರುವ ಕಟ್ಟಿಗೆ ಅಷ್ಟೇ. ಆದರೆ ಸಂಜೆಗೆ ಮೊಣಕೈ ಹಿಡಿದುಕೊಳ್ಳುವುದು ಉಕ್ಕಿನಿಂದಲ್ಲ, ಕಾವಿನಿಂದ.

ಕಾವಿನ ವಿಚಾರದಲ್ಲಿ ನಾನು ನೋಡುವುದು ಒಂದೇ. ಕೈ ಎಷ್ಟು ಸಡಿಲವಾಗಿ ಹಿಡಿದರೂ ಪೆಟ್ಟು ಹೇಳಿದ ಜಾಗಕ್ಕೇ ಬೀಳಬೇಕು. ದಪ್ಪ, ಆಕಾರ, ಉದ್ದ, ಮರ, ಎಣ್ಣೆ ಎಲ್ಲವನ್ನೂ ಇದೇ ಲೆಕ್ಕದಲ್ಲಿ ನೋಡಬೇಕು.

ಬೆರಳು ಮಡಚುವ ದೊಡ್ಡ ಸ್ನಾಯುಗಳು ಇರುವುದು ಬೆರಳಲ್ಲಲ್ಲ, ಮುಂಗೈಯಲ್ಲಿ. ಅಲ್ಲಿಂದ ಹುರಿಗಳು ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಹಾದು ಬೆರಳಿಗೆ ಬರುತ್ತವೆ. ಬಿಗಿಯಾಗಿ ಹಿಡಿದಾಗ ಮಣಿಕಟ್ಟು ಬಗ್ಗದಂತೆ ತಡೆಯಲು ಮುಂಗೈಯ ಹೊರಬದಿಯ ಸ್ನಾಯುಗಳೂ ಎಳೆದು ನಿಲ್ಲಬೇಕು. ಅವು ಅಂಟಿಕೊಂಡಿರುವುದು ಮೊಣಕೈಯ ಹೊರಗಿನ ಗಂಟಿಗೆ. ಕಲ್ಲು ಕೆಲಸದವರು ಕೈ ತೋರಿಸಿ ‘ಇಲ್ಲಿ ಚುಚ್ಚತೈತ್ರಿ’ ಅನ್ನುವ ಜಾಗ ಅದೇ. ಬಿಗಿ ಹಿಡಿತದ ಇನ್ನೊಂದು ತೊಂದರೆ ಏನೆಂದರೆ, ಕಲ್ಲಿನಿಂದ ಹಿಂದಕ್ಕೆ ಬರುವ ಅದುರು ಕೈಗೆ ಜಾಸ್ತಿ ಏರುತ್ತದೆ.

ಹಾಗಾದರೆ ಕೈ ಬಿಗಿಯಾಗುವುದು ಯಾಕೆ? ಪೇಟೆಯಲ್ಲಿ ಸಿಗುವ ಕಾವುಗಳು ಲೇತಿನಲ್ಲಿ ತಿರುಗಿಸಿ, ವಾರ್ನಿಶ್ ಹೊಡೆದ ಗುಂಡನೆಯವು. ನೋಡಲು ಚಂದ. ಇಂಡಿ ಕಡೆಯ ಒಂದು ಗಿರಣಿಯಲ್ಲಿ ಹಿರಿಯರೊಬ್ಬರ ಕೈಗೆ ಅಂಥದ್ದೊಂದು ಸುತ್ತಿಗೆ ಕೊಟ್ಟು, ‘ಹೆಂಗೈತಿ ಕಾಕಾ?’ ಅಂತ ಕೇಳಿದೆ. ನಾಲ್ಕು ಪೆಟ್ಟು ಹಾಕಿ ಹೇಳಿದರು: ‘ಛಲೋ ಐತಿ ತಮ್ಮಾ, ಆದ್ರ ಕೈಯಾಗ ತಿರುಗತೈತಿ. ತಿರುಗಬಾರದಂತ ಬಿಗಿ ಹಿಡಿತೀನಿ.’ ಇದಕ್ಕಿಂತ ಚೆನ್ನಾಗಿ ನನಗೆ ವಿವರಿಸಲು ಬರುವುದಿಲ್ಲ. ಗುಂಡು ಕಾವಿನಲ್ಲಿ ಮೊನೆ ಯಾವ ಕಡೆ ಮುಖ ಮಾಡಿದೆ ಎಂದು ಕೈಗೆ ತಿಳಿಯುವುದಿಲ್ಲ. ಮೊನೆ ಸ್ವಲ್ಪ ಓರೆಯಾಗಿ ಬಿದ್ದರೂ ಸುತ್ತಿಗೆ ಹೊರಳುತ್ತದೆ.

ಅದಕ್ಕೇ ಕಾವು ಮೊಟ್ಟೆಯಾಕಾರದಲ್ಲಿ ಇರಬೇಕು. ಸುತ್ತಿಗೆಯ ತಲೆ ಚಾಚಿದ ದಿಕ್ಕಿಗೆ 36 ಮಿಲಿಮೀಟರ್, ಅಡ್ಡಕ್ಕೆ 28. ಇದು ನಾನು ಮಾಡುವ ಸಾಮಾನ್ಯ ಅಳತೆ. ಕಣ್ಣು ಮುಚ್ಚಿ ಎತ್ತಿಕೊಂಡರೂ ಮೊನೆ ಎಲ್ಲಿದೆ ಎಂದು ಅಂಗೈಗೆ ಗೊತ್ತಾಗುತ್ತದೆ. ಬಡಿಗೇರರು ಬಾಚಿಯಲ್ಲಿ ಎಂಟು ಮುಖ ಕೆತ್ತಿ ಅಂಚು ಮುರಿದುಕೊಟ್ಟರೆ ಇನ್ನೂ ಒಳ್ಳೆಯದು. ಕೊನೆಯ ಎರಡು ಬೆರಳಗಲ ಜಾಗದಲ್ಲಿ ಕಾವು ಸ್ವಲ್ಪ ಉಬ್ಬಿರಲಿ. ಕಿರುಬೆರಳಿಗೆ ಅದು ತಡೆಯಾಗಿ ಸಿಕ್ಕರೆ ಸುತ್ತಿಗೆ ಜಾರಿ ಹೋದೀತು ಅನ್ನುವ ಭಯ ಇರುವುದಿಲ್ಲ, ಉಳಿದ ಬೆರಳು ತಾವಾಗೇ ಸಡಿಲಾಗುತ್ತವೆ.

ದಪ್ಪದ ಬಗ್ಗೆ ಪುಸ್ತಕದ ಲೆಕ್ಕ ಇದೆ. ಮುಷ್ಟಿ ಕಟ್ಟಿ ಹಿಡಿಯುವ ಹತ್ಯಾರಕ್ಕೆ ಸುಮಾರು 30ರಿಂದ 50 ಮಿಲಿಮೀಟರ್, ಬೆರಳ ತುದಿಯಲ್ಲಿ ಹಿಡಿಯುವಂಥದ್ದಕ್ಕೆ 6ರಿಂದ 13. ಮೊದಲನೆಯ ಲೆಕ್ಕದಲ್ಲಿ ಅಂತರ ತುಂಬಾ ದೊಡ್ಡದು, ಅಲ್ವಾ? ನಿಮ್ಮ ಕೈಗೆ ಎಷ್ಟು ಎಂದು ತಿಳಿಯಲು ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ ಅಳೆಯಿರಿ. ಅದರ ಐದನೇ ಒಂದು ಭಾಗ ಹೆಚ್ಚುಕಮ್ಮಿ ಸರಿಹೋಗುತ್ತದೆ. ಟೇಪು ಇಲ್ಲದಿದ್ದರೆ ಹಿಡಿದು ನೋಡಿ. ಹೆಬ್ಬೆರಳ ತುದಿ ತೋರುಬೆರಳ ಉಗುರಿನ ಮೇಲೆ ಕೂರಬೇಕು. ಮುಟ್ಟದಿದ್ದರೆ ದಪ್ಪವಾಯಿತು, ಉಗುರು ದಾಟಿ ಹೋದರೆ ತೆಳುವಾಯಿತು. ಗಿರಣಿ ನಡೆಸುವ ಹೆಣ್ಣುಮಕ್ಕಳು ಈಗ ಬಹಳ ಜನ ಇದ್ದಾರೆ. ಗಂಡಸರ ಕೈ ಅಳತೆಯ ಕಾವನ್ನೇ ಅವರಿಗೂ ಕೊಟ್ಟರೆ ಮೊದಲ ದಿನವೇ ಕೈ ನೋಯುತ್ತದೆ.

ಬೆರಳಿನ ಅಚ್ಚು ಮೂಡಿಸಿದ ಕಾವು ಬೇಕು ಎನ್ನುವವರೂ ಇದ್ದಾರೆ. ಒಂದೊಂದು ಬೆರಳಿಗೂ ಒಂದೊಂದು ಹಳ್ಳ. ಅಂಗಡಿಯಲ್ಲಿ ಹಿಡಿದಾಗ ಬಹಳ ಹಿತ ಅನ್ನಿಸುತ್ತದೆ. ನಾನು ಇದನ್ನು ಮಾಡಿಕೊಡುವುದಿಲ್ಲ. ಕಾವಿಗೆ ಹದವಾದ ಮಣ್ಣು ಮೆತ್ತಿ, ಕೆಲಸದವರಿಂದ ಒಂದಿಷ್ಟು ಪೆಟ್ಟು ಹಾಕಿಸಿ ನಾನು ಅಚ್ಚು ತೆಗೆದುಕೊಳ್ಳುವುದುಂಟು. ಅದರಲ್ಲಿ ಕಾಣುವುದು ಐದು ಬೆರಳಿನ ಸ್ಪಷ್ಟ ಗುರುತಲ್ಲ, ಒಂದರ ಮೇಲೊಂದು ಬಿದ್ದ ಹತ್ತಾರು ಗುರುತು. ಕಲ್ಲಿನ ಅಂಚಿಗೆ ಹೋದಾಗ ಕೈ ಮುಂದೆ ಸರಿಯುತ್ತದೆ, ನಡುವಿಗೆ ಬಂದಾಗ ಹಿಂದೆ. ಕೈ ಹೀಗೆ ಜಾಗ ಬದಲಿಸುವುದರಿಂದಲೇ ಒಂದೇ ಕಡೆ ಒತ್ತಡ ಕೂರುವುದಿಲ್ಲ. ಹಳ್ಳ ಕೊರೆದರೆ ಕೈಯನ್ನು ಒಂದೇ ಜಾಗಕ್ಕೆ ಕಟ್ಟಿಹಾಕಿದ ಹಾಗೆ. ಬೇರೆಯವರ ಕೈಗೆ ಕೊಟ್ಟರಂತೂ ಹಳ್ಳದ ದಿಣ್ಣೆ ಬೆರಳಿನ ಗೆಣ್ಣಿಗೆ ಒತ್ತುತ್ತದೆ. ಆ ಅಚ್ಚಿನಿಂದ ನಾನು ತೆಗೆದುಕೊಳ್ಳುವುದು ಒಂದೇ ವಿಷಯ: ಕೈ ಎಲ್ಲಿಂದ ಎಲ್ಲಿಯವರೆಗೆ ಓಡಾಡುತ್ತದೆ. ಅಷ್ಟೂ ಉದ್ದಕ್ಕೆ ಕಾವು ಒಂದೇ ಸಮ ಇರಬೇಕು.

ಇಂಗ್ಲೆಂಡಿನ ಹಳೆಯ ಗಿರಣಿಗಳಲ್ಲಿ ಈ ಕೆಲಸಕ್ಕೆ ಬಳಸುತ್ತಿದ್ದ ಹತ್ಯಾರ ನೋಡುವಂಥದ್ದು. ಮರದ ಕಾವಿನ ತಲೆಯಲ್ಲೇ ತೂತು, ಅದರೊಳಗೆ ಎರಡೂ ತುದಿ ಹರಿತವಾದ ಉಕ್ಕಿನ ತುಂಡು. ಮೊನೆ ಹೋದರೆ ಆ ತುಂಡನ್ನಷ್ಟೇ ಕಳಚಿ ಕುಲುಮೆಗೆ. ಕಾವು ಮಾತ್ರ ವರ್ಷಗಟ್ಟಲೆ ಅದೇ. ಕೆಲಸ ಮಾಡುವವನು ಕಲ್ಲಿನ ಮೇಲೆ ಹೊಟ್ಟು ತುಂಬಿದ ಸಣ್ಣ ದಿಂಬು ಇಟ್ಟು, ಅದರ ಮೇಲೆ ಮೊಣಕೈ ಊರಿ ಸುತ್ತಿಗೆಯನ್ನು ಎತ್ತಿ ಬಿಡುತ್ತಿದ್ದ. ಎತ್ತುವುದು ಕೈಯ ಕೆಲಸ, ಬೀಳುವುದು ತೂಕದ ಕೆಲಸ. ನಮ್ಮಲ್ಲಿ ಹಗುರ ಸುತ್ತಿಗೆ ಹಿಡಿದು ತೋಳಿನ ಬಲದಿಂದ ಬಡಿಯುವವರೇ ಜಾಸ್ತಿ. ತಲೆ 600–700 ಗ್ರಾಂ, ಕಾವು ಒಂದು ಅಡಿ ಇದ್ದು, ತೂಕವೆಲ್ಲ ತಲೆಯ ಕಡೆ ಇದ್ದರೆ ಬಡಿಯುವ ಅಗತ್ಯವೇ ಇಲ್ಲ. ಆ ದಿಂಬನ್ನು ನಮ್ಮ ಗಿರಣಿಗಳಲ್ಲೂ ಬಳಸಬಹುದು. ಹೊಟ್ಟಿಗೇನು ಬರ?

ಮಣಿಕಟ್ಟು ಬಗ್ಗಿದಾಗ ಹಿಡಿತದ ಬಲ ಇಳಿಯುತ್ತದೆ. ಕಲ್ಲು ನೆಲದ ಮೇಲೆ, ಕೆಲಸದವರು ಕುಕ್ಕರಗಾಲಲ್ಲಿ. ಪ್ರತಿ ಪೆಟ್ಟಿಗೂ ಮಣಿಕಟ್ಟು ಕಿರುಬೆರಳ ಕಡೆ ಬಾಗುತ್ತದೆ. ಕಾವನ್ನೇ ಸ್ವಲ್ಪ ಬಾಗಿಸಿ ಇದನ್ನು ಸರಿಮಾಡಬಹುದು. ಆದರೆ ಬಾಗಿದ ಕಾವಿನಲ್ಲಿ ಗುರಿ ಹಿಡಿಯಲು ಹೊಸದಾಗಿ ಕಲಿಯಬೇಕು, ಹಳಬರು ಒಪ್ಪುವುದಿಲ್ಲ. ನನ್ನ ಸಲಹೆ, ಮೊದಲು ಕಲ್ಲನ್ನು ಎತ್ತರಿಸಿ. ಗಟ್ಟಿಯಾದ ಕಟ್ಟೆಯ ಮೇಲೆ ಲಾರಿಯ ಹಳೇ ಟೈರು ಹಾಕಿ, ಅದರ ಮೇಲೆ ಕಲ್ಲು ಮಲಗಿಸಿ. ಕಲ್ಲು ಅಲುಗುವುದಿಲ್ಲ, ಕೂರಲು ಸ್ಟೂಲು ಸಾಕು, ಮಣಿಕಟ್ಟು ನೆಟ್ಟಗಿರುತ್ತದೆ.

ಇನ್ನು ಮರ. ಇದರ ಬಗ್ಗೆ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ ಎಂದುಕೊಂಡಿದ್ದೆ, ಆದರೆ ಈಗ ಸಾಗವಾನಿ ತುಂಡಿಗೂ ಸುತ್ತಿಗೆ ಸಿಕ್ಕಿಸಿ ಮಾರುತ್ತಿದ್ದಾರೆ. ಸಾಗವಾನಿ ಬಾಗಿಲಿಗೆ ಸರಿ, ಪೆಟ್ಟಿಗೆ ಅಲ್ಲ. ಅದು ಬೇಗ ಮುರಿಯುತ್ತದೆ. ಖಾನಾಪುರದ ಕಡೆಯ ತಡಸಲು, ದಿಂಡಿಗ ಸಿಕ್ಕರೆ ಅವೇ ಮೇಲು. ಬಾಗಿ ಮತ್ತೆ ನೆಟ್ಟಗಾಗುವ ಗುಣ ಅವಕ್ಕಿದೆ. ಮರದ ಡಿಪೋದಲ್ಲಿ ಕೇಳಿ ತನ್ನಿ. ಬಾಗಲಕೋಟೆ, ವಿಜಯಪುರದ ಎರೆಹೊಲದ ಬದುವಿನ ಜಾಲಿಯೂ ಚೆನ್ನಾಗಿ ಬಾಳುತ್ತದೆ, ಸ್ವಲ್ಪ ಭಾರ ಅಷ್ಟೇ. ಯಾವ ಮರವಾದರೂ ಗರಗಸದಲ್ಲಿ ಕೊಯ್ದ ತುಂಡಿಗಿಂತ ಸೀಳಿದ ತುಂಡು ಒಳ್ಳೆಯದು. ಸೀಳು ಎಳೆಯ ದಾರಿಯಲ್ಲೇ ಹೋಗುತ್ತದೆ, ಗರಗಸ ಎಳೆಯನ್ನು ಕತ್ತರಿಸಿಕೊಂಡು ಹೋಗುತ್ತದೆ. ಎಳೆ ಕಾವಿನ ಪಕ್ಕಕ್ಕೆ ಹೊರಟುಹೋಗಿದ್ದರೆ ಮುರಿಯುವುದು ಅಲ್ಲೇ.

ಹಸಿ ಮರದ ಕಾವು ಒಣಗಿದಂತೆ ಕುಗ್ಗಿ ತಲೆ ಸಡಿಲಾಗುತ್ತದೆ. ಆಗ ಎಲ್ಲರೂ ಮಾಡುವುದು ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿಸಿಡುವುದು. ಬೆಳಿಗ್ಗೆ ಬಿಗಿಯಾಗಿರುತ್ತದೆ, ನಿಜ. ಆದರೆ ಉಬ್ಬಿದ ಮರ ಸುತ್ತಿಗೆ ತಲೆಯ ತೂತಿನೊಳಗೆ ಜಜ್ಜಿಹೋಗಿ, ಒಣಗಿದ ಮೇಲೆ ಮೊದಲಿಗಿಂತ ಸಣ್ಣದಾಗುತ್ತದೆ. ಬೆಣೆಯನ್ನು ಇನ್ನಷ್ಟು ಇಳಿಸಿ, ಇಲ್ಲವೇ ಹೊಸ ಬೆಣೆ ಹೊಡೆಯಿರಿ. ನೀರು ಬೇಡ.

ವಾರ್ನಿಶ್ ಕೂಡ ಬೇಡ. ನಮ್ಮ ಬೇಸಿಗೆಯಲ್ಲಿ ಅಂಗೈ ಬೆವರಿ, ಅದರ ಮೇಲೆ ಕಲ್ಲಿನ ಪುಡಿ ಕೂತರೆ ವಾರ್ನಿಶ್ ಕಾವು ಜಾರುತ್ತದೆ, ಕೈ ಮತ್ತೆ ಬಿಗಿಯುತ್ತದೆ. ಗಾಜಿನ ಚೂರಿನಿಂದ ವಾರ್ನಿಶ್ ಕೆರೆದು ಅಗಸೆ ಎಣ್ಣೆ ಸವರಿ. ಗಾಳಿಗೆ ಅದು ತಾನಾಗೇ ಒಣಗಿ ಮರದೊಳಗೆ ಗಟ್ಟಿಯಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಏರಿ ಬಟ್ಟೆಗೆ ತಾನಾಗೇ ಬೆಂಕಿ ಹತ್ತಬಹುದು. ಹರವಿ ಒಣಗಿಸಿ.

ಸೈಕಲ್ ಟ್ಯೂಬು ಸುತ್ತಿದ ಕಾವು ಎಲ್ಲಾ ಕಡೆ ಕಾಣುತ್ತದೆ. ಕಾವು ತೆಳುವಾಗಿದೆ, ಜಾರುತ್ತಿದೆ ಎಂದು ಕೆಲಸದವರೇ ಬರೆದುಕೊಟ್ಟ ಅರ್ಜಿ ಅದು. ಆದರೆ ಗಿರಣಿಯಲ್ಲಿ ಟ್ಯೂಬು ನನಗೆ ಇಷ್ಟವಿಲ್ಲ. ಹಳೇ ರಬ್ಬರು ಉದುರಿ ಕಲ್ಲಿನ ಹೊಸ ಕಕ್ಕಿನೊಳಗೆ ಕೂರುತ್ತದೆ. ಕಕ್ಕು ಹಾಕಿದ ಮೇಲೆ ಮೊದಲು ಒಂದಿಷ್ಟು ಕಾಳು ಹಾಕಿ ಓಡಿಸಿ ಆ ಹಿಟ್ಟನ್ನು ಚೆಲ್ಲುತ್ತೇವೆ, ಸರಿ. ಆದರೂ ಜನ ತಿನ್ನುವ ಹಿಟ್ಟು. ಹತ್ತಿಯ ಹುರಿಯನ್ನು ಒತ್ತೊತ್ತಾಗಿ ಸುತ್ತಿ, ಕೊಳೆಯಾದಾಗ ಬದಲಿಸುವುದು ವಾಸಿ.

ಚಾಣದ, ಅಂದರೆ ಕಲ್ಲು ಕಡಿಯುವ ಉಳಿಯ ಕಥೆ ಬೇರೆ. ಅದನ್ನು ಹಿಡಿದ ಕೈ ಗೆರೆ ನೋಡಿಕೊಂಡು ಮೊನೆ ನಡೆಸಬೇಕು, ಹಾಗಾಗಿ ದಪ್ಪ ಹಿಡಿ ಕಣ್ಣಿಗೆ ಅಡ್ಡ. ಎಂಟು ಮೂಲೆಯ ಸಲಾಕೆಯ ಮೇಲೆ, ಅಂಗೈ ಕೂರುವಷ್ಟೇ ಜಾಗಕ್ಕೆ ರಬ್ಬರಿನ ಕವಚ ಹಾಕಿ, ಪೆಟ್ಟು ಬೀಳುವ ಕಡೆ ಸಣ್ಣ ಛತ್ರಿಯಂಥ ರಬ್ಬರು ಬಿಟ್ಟರೆ ಹೆಬ್ಬೆರಳು ಉಳಿಯುತ್ತದೆ. ಈ ರಬ್ಬರು ಹೊಸದಿರಬೇಕು. ತಲೆ ಅರಳಿದ ಚಾಣವನ್ನು ಉಜ್ಜದೆ ಬಳಸಲೇಬೇಡಿ, ಚೂರು ಹಾರುವುದು ಕಣ್ಣಿಗೇ.

ಮನೆಯ ಬೀಸುವ ಕಲ್ಲಿನ ಗೂಟದ ಬಗ್ಗೆಯೂ ಒಂದು ಮಾತು. ಗೂಟ ಕಲ್ಲಿನ ಜೊತೆ ಸುತ್ತುತ್ತದೆ, ಅಂಗೈ ಅದರ ಮೇಲೆ ಉಜ್ಜುತ್ತದೆ, ಬೊಬ್ಬೆ ಬರುತ್ತದೆ. ಗೂಟದ ಮೇಲೆ ಸಡಿಲವಾಗಿ ತಿರುಗುವ ಮರದ ಇಲ್ಲವೇ ಬಿದಿರಿನ ಕೊಳವೆ ಹಾಕಿ. ಕೊಳವೆ ಕೈಯಲ್ಲಿ ನಿಲ್ಲುತ್ತದೆ, ಗೂಟ ಒಳಗೆ ತಿರುಗುತ್ತದೆ.

ಈಗ ಕೆಲವರು ಕೈಯಲ್ಲಿ ಹಿಡಿಯುವ ಗ್ರೈಂಡರ್ ಮಶೀನಿನಲ್ಲೇ ಕಲ್ಲಿನ ಗೆರೆ ತೆಗೆಯುತ್ತಾರೆ. ಕೆಲಸ ಬೇಗ ಆಗುತ್ತದೆ, ಧೂಳು ಮತ್ತು ಅದುರು ಎರಡೂ ಜಾಸ್ತಿ. ಧೂಳಿಗೆ ಕಾವು ಏನೂ ಮಾಡಲಾರದು, ಒಳ್ಳೆಯ ಮಾಸ್ಕ್ ಬೇಕು. ಅದುರಿನ ಕಥೆ ಹಳೆಯದು. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾ ರಾಜ್ಯದ ಬೆಡ್‌ಫರ್ಡಿನಲ್ಲಿ, ಗಾಳಿ ಒತ್ತಡದ ಸುತ್ತಿಗೆ ಬಳಸುವ ಸುಣ್ಣಕಲ್ಲು ಕೆಲಸದವರ ಬೆರಳುಗಳು ಬೆಳ್ಳಗಾಗಿ ಮರಗಟ್ಟುವುದನ್ನು ದಾಖಲಿಸಿದರು. ಚಾಣ ಹಿಡಿದ ಎಡಗೈಗೇ ಪೆಟ್ಟು ಹೆಚ್ಚು. ಅದುರು ಮತ್ತು ಚಳಿಯ ಜೊತೆಗೆ, ಹತ್ಯಾರವನ್ನು ಗಂಟೆಗಟ್ಟಲೆ ಬಿಗಿಯಾಗಿ ಹಿಡಿಯುವುದನ್ನೂ ಅವರು ಕಾರಣವೆಂದು ಗುರುತಿಸಿದ್ದರು. ನಮ್ಮಲ್ಲಿ ಅಷ್ಟು ಚಳಿ ಇಲ್ಲ, ಹಾಗಾಗಿ ಬೆರಳು ಬಿಳಿಯಾಗುವುದು ಕಾಣದೇ ಹೋಗಬಹುದು. ಜೋಮು ಮಾತ್ರ ಕಾಣುತ್ತದೆ. ಮಶೀನಿಗೆ ಪಕ್ಕದ ಹಿಡಿ ಹಾಕದೆ ಹಿಡಿಯಬೇಡಿ, ನಡುನಡುವೆ ಕೈ ಬಿಡಿ. ರಾತ್ರಿ ಬೆರಳಿಗೆ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ದಿನಕ್ಕೆ ಎಷ್ಟು ಹೊತ್ತು, ಯಾವ ಹತ್ಯಾರ ಹಿಡಿಯುತ್ತೀರಿ ಎನ್ನುವುದನ್ನು ಅವರು ಕೇಳದಿದ್ದರೂ ನೀವೇ ಹೇಳಿ. ಸಾಧ್ಯವಾದರೆ ಆ ಹತ್ಯಾರವನ್ನೇ ಒಯ್ದು ತೋರಿಸಿ.